ತಪ್ಪಿದ ಗುಂಡಿನ ಸಾಕ್ಷ್ಯ

ಗುರಿ ತಪ್ಪಿದವನ ವಿಷಯದಲ್ಲಿ ಲೋಕವು ಬಹುಮಟ್ಟಿಗೆ ಎರಡೇ ಬಗೆಯ ತೀರ್ಪುಗಳನ್ನು ಕೊಡುತ್ತ ಬಂದಿದೆ. ಅವನ ಮನಸ್ಸು ನೆಟ್ಟಗಿರಲಿಲ್ಲವೆಂಬುದು ಒಂದು. ಮನಸ್ಸೇನೋ ನೆಟ್ಟಗಿದ್ದಿತು, ದೈವವು ಒಲಿಯಲಿಲ್ಲವೆಂಬುದು ಇನ್ನೊಂದು. ಮೊದಲನೆಯದರಿಂದ ನಿಂದೆಯೂ ಎರಡನೆಯದರಿಂದ ಕನಿಕರವೂ ಹುಟ್ಟುತ್ತವೆ. ಇವೆರಡರ ನಡುವೆ ಮೂರನೆಯದೊಂದಕ್ಕೂ ಎಡೆಯುಂಟು. ಮನಸ್ಸು ಶುದ್ಧವಾಗಿದ್ದು, ಕಣ್ಣು ಗುರಿಯಲ್ಲಿಯೇ ನೆಟ್ಟಿದ್ದು, ದೈವವೂ ಅಡ್ಡಬಾರದೆ, ಕೈಯಲ್ಲಿರುವ ಸಾಧನವೇ ಒಂದಿಷ್ಟು ಓರೆಯಾಗಿದ್ದರೆ, ಆ ಓರೆಯನ್ನು ಅವನು ಒಮ್ಮೆಯೂ ಪರೀಕ್ಷಿಸಿ ನೋಡದೆ ಇದ್ದಿದ್ದರೆ, ಅದರಿಂದಾದ ಅನ್ಯಾಯಕ್ಕೆ ಅವನು ಹೊಣೆಯೆ? ಹೊಣೆಯಾದರೆ ಎಷ್ಟರಮಟ್ಟಿಗೆ ಹೊಣೆ?

ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆ ಮನೆಮನೆಯಲ್ಲಿಯೂ ತಿಳಿದದ್ದೇ ಆಗಿದೆ. ಮರವನ್ನೂ ಕೊಂಬೆಯನ್ನೂ ಅಣ್ಣತಮ್ಮಂದಿರನ್ನೂ ಕಂಡವರು ಹಿಂದೆ ಸರಿದರು. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನನು ಬಾಣವನ್ನು ಬಿಟ್ಟನು. ಏಕಾಗ್ರತೆಯ ಹಿರಿಮೆಯನ್ನು ಹೇಳಲು ಇದಕ್ಕಿಂತ ಉತ್ತಮವಾದ ಕಥೆ ಬೇರೊಂದಿಲ್ಲ. ಆದರೆ ಆ ಕಥೆಯಲ್ಲಿ ಯಾರೂ ಬಿಲ್ಲು ನೆಟ್ಟಗಿದೆಯೇ ಎಂದು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲವೆನ್ನಬೇಕು. ಬಿಲ್ಲಿಗೆ ಸೈಟು ಇಲ್ಲ. ಬಿಲ್ಲಿನ ಓರೆಯನ್ನೆಲ್ಲ ಬಿಲ್ಲಾಳಿನ ತೋಳು ವರ್ಷಗಟ್ಟಲೆ ಅಭ್ಯಾಸದಿಂದ ತನ್ನೊಳಕ್ಕೆ ತೆಗೆದುಕೊಂಡಿರುತ್ತದೆ. ಬಂದೂಕು ಬಂದ ಮೇಲೆ, ಅದರಲ್ಲಿಯೂ ರೈಫಲು ಬಂದ ಮೇಲೆ, ಕಣ್ಣಿಗೂ ಗುರಿಗೂ ನಡುವೆ ಒಂದು ಉಪಕರಣವು ಸಾಕ್ಷಿಯಾಗಿ ನಿಂತಿತು. ಆ ಸಾಕ್ಷಿಯು ಸುಳ್ಳು ಹೇಳುವುದು ಸಾಧ್ಯವಾದಂದಿನಿಂದ, ಏಕಾಗ್ರತೆಯೊಂದೇ ಸಾಲದೆಂಬ ಹೊಸ ಕಷ್ಟವು ಹುಟ್ಟಿಕೊಂಡಿತು.

ಸೈಟೆಂಬುದು ನೋಡುವುದಕ್ಕೆ ಬಹಳ ಸರಳವಾದ ವಸ್ತು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ. ಕಣ್ಣಿಗೆ ಹತ್ತಿರವಾದೆಡೆಯಲ್ಲಿ ಒಂದು ಕಚ್ಚು ಅಥವಾ ಒಂದು ರಂಧ್ರ. ಹಿಂದಿನ ಕಚ್ಚಿನಲ್ಲಿ ಮುಂದಿನ ಮೊನೆಯನ್ನು ಕೂಡಿಸಿ, ಅದನ್ನು ಗುರಿಯ ಮೇಲಿಟ್ಟರೆ, ಕಣ್ಣಿನ ದಾರಿ ನಿರ್ಣಯವಾಗುತ್ತದೆ. ಆದರೆ ಗುಂಡು ಹಿಡಿಯುವುದು ಕಣ್ಣಿನ ದಾರಿಯನ್ನಲ್ಲ, ನಳಿಗೆಯ ದಾರಿಯನ್ನು. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಭೂಮಿಯ ಕಡೆಗೆ ಬೀಳತೊಡಗುವುದರಿಂದ ನಳಿಗೆಯನ್ನು ಕಣ್ಣಿನ ರೇಖೆಗಿಂತ ಸ್ವಲ್ಪ ಮೇಲ್ಮುಖವಾಗಿ ಇಟ್ಟಿರುತ್ತಾರೆ. ಹೀಗಾಗಿ ಗುಂಡು ಹತ್ತಿರದಲ್ಲಿ ಒಮ್ಮೆ ಕೆಳಗಿನಿಂದ ಮೇಲಕ್ಕೆ ಕಣ್ಣಿನ ರೇಖೆಯನ್ನು ದಾಟುತ್ತದೆ, ದೂರದಲ್ಲಿ ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ದಾಟುತ್ತದೆ. ಈ ಎರಡು ದಾರಿಗಳೂ ಬೇಕಾದ ದೂರದಲ್ಲಿ ಕೂಡುವಂತೆ ಮಾಡುವ ಕೆಲಸಕ್ಕೆ ಸಿಪಾಯಿಗಳು ‘ಝೀರೋ ಮಾಡುವುದು’ ಎನ್ನುತ್ತಾರೆ. ವ್ಯತ್ಯಾಸವನ್ನು ಸೊನ್ನೆಗೆ ತರುವುದೆಂದು ಅದರ ಅರ್ಥ.

ಹರಿಹರದ ವಾಯವ್ಯಕ್ಕೆ ಎರಡು ಮೈಲಿಯ ದೂರದಲ್ಲಿ ೧೮೬೫ರ ವರೆಗೂ ದೇಶೀ ಪದಾತಿಗಳ ಒಂದು ದಂಡು ಬೀಡುಬಿಟ್ಟಿದ್ದಿತು. ಆ ಕಾಲದ ಮಹತ್ವವೇನೆಂದರೆ, ನುಣುಪಾದ ನಳಿಗೆಯ ಹಳೆಯ ಬಂದೂಕಿನಿಂದ ತಿರುಚುಗೀರುಗಳ ರೈಫಲಿಗೆ ಜಗತ್ತಿನ ಸೈನ್ಯಗಳು ದಾಟಿದ್ದು ಆ ದಶಕಗಳಲ್ಲಿಯೇ. ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲು ಹಿಂದೂಸ್ಥಾನಕ್ಕೆ ಬಂದದ್ದೂ, ಅದರ ತೋಟಾದ ಕಾರಣದಿಂದ ೧೮೫೭ರಲ್ಲಿ ಆದದ್ದೂ ಎಲ್ಲರಿಗೂ ಗೊತ್ತಿದೆ. ಆದರೆ ಈ ಬದಲಾವಣೆಯಲ್ಲಿ ಅಡಗಿದ್ದ ಒಂದು ಸೂಕ್ಷ್ಮವನ್ನು ಚರಿತ್ರಕಾರರು ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ನುಣುಪು ನಳಿಗೆಯ ಬಂದೂಕಿನಲ್ಲಿ ಗುಂಡು ಸಡಿಲವಾಗಿ ಕೂತು, ನೂರು ಗಜ ಹೋಗುವಷ್ಟರಲ್ಲಿ ತೋಚಿದ ಕಡೆಗೆ ಓಡುತ್ತಿದ್ದಿತು. ಹತ್ತು ಸಲ ಹಾರಿಸಿದರೆ ಹತ್ತು ದಿಕ್ಕು. ಅಂತಹ ಬಂದೂಕಿಗೆ ಸೈಟು ಓರೆಯಾಗಿದೆಯೇ ಎಂಬ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಓರೆಯು ಆ ಚೆದುರಿನಲ್ಲಿ ಮುಳುಗಿಹೋಗುತ್ತಿದ್ದಿತು. ರೈಫಲು ಬಂದು, ಗುಂಡುಗಳು ಒಂದರ ಪಕ್ಕದಲ್ಲಿ ಒಂದು ಬೀಳತೊಡಗಿದ ಮೇಲೆ, ಅವು ಒಟ್ಟಾಗಿ ಗುರಿಯಿಂದ ಇಷ್ಟು ಅಂಗುಲ ಎಡಕ್ಕಿವೆ, ಇಷ್ಟು ಮೇಲಿವೆ ಎಂಬುದು ಕಂಡಿತು.

ಮನುಷ್ಯನ ನಡತೆಗೂ ಇದು ಚೆನ್ನಾಗಿ ಸಲ್ಲುತ್ತದೆ. ಇಂದು ಒಂದು, ನಾಳೆ ಒಂದು ಎಂದು ನಡೆಯುವವನಲ್ಲಿ ದೋಷವು ಇಂಥದೇ ಎಂದು ಬೆರಳಿಟ್ಟು ತೋರಿಸುವುದು ಯಾರಿಂದಲೂ ಆಗದು. ಕೋಪಿಷ್ಠನೆನ್ನೋಣವೆಂದರೆ ಮರುದಿನ ಶಾಂತನಾಗಿರುತ್ತಾನೆ; ಲೋಭಿಯೆನ್ನೋಣವೆಂದರೆ ಸಂಜೆಗೆ ಕೈಬಿಚ್ಚಿ ಕೊಡುತ್ತಾನೆ. ನಿಯಮಕ್ಕೆ ಒಳಪಟ್ಟು, ಒಂದೇ ಬಗೆಯಾಗಿ ನಡೆದುಕೊಂಡು ಬಂದವನಲ್ಲಿಯೇ ಓರೆಯು ಅಳತೆಗೆ ಸಿಕ್ಕುವಷ್ಟು ಸ್ಪಷ್ಟವಾಗಿರುತ್ತದೆ. ಆದ್ದರಿಂದಲೇ ಕಟ್ಟುನಿಟ್ಟಿನ ಜನರ ದೋಷಗಳು ಲೋಕದ ಬಾಯಿಗೆ ಬೇಗ ಬೀಳುತ್ತವೆ. ಚಂಚಲರ ದೋಷಗಳು ತಪ್ಪಿಸಿಕೊಳ್ಳುತ್ತವೆ. ಇದು ಅನ್ಯಾಯವೆಂದು ತೋರಬಹುದು. ಆದರೆ ತಿದ್ದಿಕೊಳ್ಳುವ ಭಾಗ್ಯವೂ ಮೊದಲನೆಯವರಿಗೇ ಇರುವುದೆಂಬುದನ್ನು ಮರೆಯಬಾರದು.

ನ್ಯಾಷನಲ್ ಕೆಡೆಟ್ ಕೋರ್ ೧೯೪೮ರಲ್ಲಿ ಹುಟ್ಟಿದಂದಿನಿಂದ ಕಾಲೇಜಿನ ಹುಡುಗರೂ ಹುಡುಗಿಯರೂ .೨೨ ರೈಫಲನ್ನು ಹಿಡಿದು ನೆಲದ ಮೇಲೆ ಮಲಗಿ ೨೫ ಮೀಟರಿನ ದೂರದಿಂದ ಕಾಗದದ ಗುರಿಗೆ ಹೊಡೆಯುವುದನ್ನು ಕಲಿಯುತ್ತಿದ್ದಾರೆ. ದಾವಣಗೆರೆಯಂತಹ ಕಾಲೇಜುಗಳ ಊರಿನಲ್ಲಿ ಇದನ್ನು ಮಾಡಿ ಬಂದವರು ಅನೇಕ ಮನೆಗಳಲ್ಲಿ ಇದ್ದಾರು. ಅವರಿಗೆ ಮೊದಲು ಕಲಿಸುವುದು ಗುರಿಯ ನಡುವಿಗೆ ಹೊಡೆಯುವುದನ್ನಲ್ಲ. ಗುಂಡುಗಳನ್ನು ಒತ್ತಾಗಿ ಒಂದೇ ಕಡೆ ಬೀಳಿಸುವುದನ್ನು. ಎಲ್ಲಿ ಬಿದ್ದರೂ ಆಗಬಹುದು, ಒಟ್ಟಿಗೆ ಬಿದ್ದರೆ ಸಾಕು. ಹೊಸಬರಿಗೆ ಇದು ವಿಚಿತ್ರವೆನ್ನಿಸುತ್ತದೆ. ನಡುವಿನಿಂದ ನಾಲ್ಕು ಅಂಗುಲ ದೂರದಲ್ಲಿ ಐದು ಗುಂಡುಗಳನ್ನು ಒಂದು ರೂಪಾಯಿ ಮುಚ್ಚುವಷ್ಟು ಜಾಗದಲ್ಲಿ ಕೂಡಿಸಿದವಳನ್ನು ಹೊಗಳಿ, ನಡುವಿನ ಸುತ್ತ ಎಲ್ಲ ಕಡೆಗೂ ಚೆಲ್ಲಿ ಅವುಗಳಲ್ಲಿ ಒಂದನ್ನು ನಟ್ಟನಡುವೆ ಬೀಳಿಸಿದವನನ್ನು ಗದರಿಸುವುದು ಏತಕ್ಕೆ? ಮೊದಲನೆಯವಳ ತಪ್ಪನ್ನು ಒಂದು ತಿರುಪಿನಿಂದ ಸರಿಪಡಿಸಬಹುದು, ಎರಡನೆಯವನದಕ್ಕೆ ಮದ್ದು ರೈಫಲಿನಲ್ಲಿ ಇಲ್ಲವೆಂಬ ಕಾರಣಕ್ಕೆ.

ಇನ್ನು ಸೈಟನ್ನು ಕೂಡಿಸುವ ಕ್ರಮ. ಗಾಳಿಯಿಲ್ಲದ ಹೊತ್ತನ್ನು ನೋಡಿ, ಎಣ್ಣೆಯನ್ನು ಒರಸಿ ತೆಗೆದ ನಳಿಗೆಯಿಂದ, ಮುಂದೆ ಯಾವ ತೋಟಾವನ್ನು ಉಪಯೋಗಿಸಬೇಕೋ ಅದನ್ನೇ ಹಾಕಿ, ಮರಳಿನ ಚೀಲದ ಮೇಲೆ ಕೈಯನ್ನು ಊರಿ, ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡುಗಳನ್ನು ಹಾರಿಸಬೇಕು. ಮೂರರಿಂದಲೂ ಕೆಲಸ ಸಾಗುವುದುಂಟು. ಆದರೆ ಮೂರು ಗುಂಡುಗಳ ನಡುವನ್ನು ನಂಬುವುದು ಮೂರು ದಿನದ ಪರಿಚಯದಿಂದ ಹೆಣ್ಣು ಕೊಟ್ಟಂತೆ. ಆಮೇಲೆ ಕಾಗದದ ಬಳಿಗೆ ನಡೆದು, ಐದು ತೂತುಗಳ ಸರಾಸರಿ ನಡುವನ್ನು ಗುರುತಿಸಿ, ಅದು ಗುರಿಯಿಟ್ಟ ಬಿಂದುವಿನಿಂದ ಎಷ್ಟು ದೂರವೆಂದು ಅಳೆಯಬೇಕು. ಆ ದೂರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿದರೆ, ಸೈಟನ್ನು ಎಷ್ಟು ಸರಿಸಬೇಕೆಂಬುದು ತಿಳಿಯುತ್ತದೆ. ಸೈಟುಗಳ ನಡುವೆ ೨೦ ಅಂಗುಲ, ಗುರಿಯ ದೂರ ೧೦೦ ಗಜ ಎಂದರೆ ೩,೬೦೦ ಅಂಗುಲ, ತಪ್ಪು ೬ ಅಂಗುಲವೆಂದಿಟ್ಟುಕೊಂಡರೆ, ಸರಿಸಬೇಕಾದ್ದು ಒಂದು ಅಂಗುಲದ ಮೂವತ್ತನೆಯ ಒಂದು ಪಾಲು. ಹಿಂದಿನ ಸೈಟಾದರೆ ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಬೇಕು. ಮುಂದಿನ ಸೈಟಾದರೆ ಗುಂಡು ಎತ್ತ ತಪ್ಪಿದೆಯೋ ಅತ್ತಲೇ ಸರಿಸಬೇಕು. ಈ ಎರಡನೆಯ ಮಾತು ಮೊದಲ ಸಲ ಕೇಳಿದವರಿಗೆಲ್ಲ ತಲೆಕೆಳಗಾಗಿ ತೋರುತ್ತದೆ. ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸಂಶಯ ತೀರುತ್ತದೆ. ಸರಿಸಿದ ಮೇಲೆ ಮತ್ತೆ ಐದು ಗುಂಡು ಹಾರಿಸಿ ನೋಡದೆ ಕೆಲಸ ಮುಗಿಯಿತೆನ್ನುವಂತಿಲ್ಲ.

ಮೊದಲಿಗೆ ಗುಂಡು ಕಾಗದಕ್ಕಾದರೂ ತಗುಲುವಂತೆ ಮಾಡಲು ಇನ್ನೊಂದು ಉಪಾಯವುಂಟು. ರೈಫಲಿನ ಬೋಲ್ಟನ್ನು ತೆಗೆದು, ಅಲುಗದಂತೆ ಮರದ ಮೇಲೆ ಕೂಡಿಸಿ, ಖಾಲಿ ನಳಿಗೆಯ ಮೂಲಕವೇ ದೂರದ ಗುರುತನ್ನು ನೋಡಿ, ಸೈಟೂ ಅದೇ ಗುರುತನ್ನು ತೋರಿಸುವಂತೆ ಸರಿಸುವುದು. ಇದರಲ್ಲಿ ತೋಟಾ ಖರ್ಚಾಗುವುದಿಲ್ಲ, ಸದ್ದಾಗುವುದಿಲ್ಲ, ಮನೆಯ ಜಗಲಿಯಲ್ಲಿಯೇ ಮಾಡಿ ಮುಗಿಸಬಹುದು. ಅಂತರ್ವಿಮರ್ಶೆಯೆಂದು ಪ್ರಾಜ್ಞರು ಕರೆಯುವ ಕ್ರಿಯೆಗೆ ಇದು ಸರಿಯಾದ ಹೋಲಿಕೆ. ಮನುಷ್ಯನು ಏಕಾಂತದಲ್ಲಿ ಕುಳಿತು ತನ್ನೊಳಗಿನಿಂದಲೇ ತನ್ನನ್ನು ನೋಡಿಕೊಂಡು ಒಂದಿಷ್ಟು ಸರಿಪಡಿಸಿಕೊಳ್ಳಬಹುದು. ಅದು ಅಗತ್ಯವೂ ಹೌದು. ಆದರೆ ಹಾರಿಸಿದಾಗ ನಳಿಗೆ ಅದುರುವುದು, ಹೆಗಲಿಗೆ ಒದೆ ಬೀಳುವುದು, ಗುಂಡು ಬೀಳುತ್ತ ಹೋಗುವುದು, ಇದಾವುದೂ ಖಾಲಿ ನಳಿಗೆಯಲ್ಲಿ ಕಾಣುವುದಿಲ್ಲ. ಕೊನೆಯ ಸಾಕ್ಷ್ಯವನ್ನು ಕಾಗದವೇ ಹೇಳಬೇಕು.

ಈ ಕಸಬಿನಲ್ಲಿ ಕಲಿಯುವುದಕ್ಕೆ ಅತ್ಯಂತ ಕಷ್ಟವಾದ ನಿಯಮ ಬೇರೊಂದಿದೆ. ಮೊದಲನೆಯ ಗುಂಡು ಎಡಕ್ಕೆ ಬಿದ್ದುದನ್ನು ಕಂಡವನು ಎರಡನೆಯದನ್ನು ಸ್ವಲ್ಪ ಬಲಕ್ಕೆ ಗುರಿಯಿಟ್ಟು ಹೊಡೆಯಬಾರದು. ತಪ್ಪುತ್ತಿದೆಯೆಂದು ಕಣ್ಣಾರೆ ಕಂಡರೂ ಐದು ಗುಂಡು ಮುಗಿಯುವ ತನಕ ಗುರಿಯಿಡುವ ಬಿಂದುವನ್ನು ಬದಲಿಸಕೂಡದು. ಹಾಗೆ ಗುಂಡಿನ ಬೆನ್ನಟ್ಟಿದವನಿಗೆ ಒಂದೆರಡು ಗುಂಡು ನಡುವಿಗೆ ಬಿದ್ದ ಸಂತೋಷ ದೊರೆಯಬಹುದು. ರೈಫಲಿನ ಓರೆಯೆಷ್ಟು, ತನ್ನ ಓರೆಯೆಷ್ಟು ಎಂಬುದು ಮಾತ್ರ ಎಂದೆಂದಿಗೂ ತಿಳಿಯುವುದಿಲ್ಲ. ಮರುದಿನ ಆತನು ಮೊದಲಿನ ಹಾಗೆಯೇ ಅಜ್ಞಾನಿ.

ಫಲಾಪೇಕ್ಷೆಯಿಲ್ಲದ ಕರ್ಮವೆಂಬ ಗೀತೆಯ ತತ್ತ್ವವನ್ನು ಜನರು ಬಹಳ ಸಲ ಸೋಮಾರಿತನದ ಹೊದಿಕೆಯಾಗಿ ಬಳಸುವುದುಂಟು. ‘ಮಾಡುವುದು ನನ್ನದು, ಫಲ ಅವನದು’ ಎಂದು ಹೇಳಿ, ಗುಂಡು ಎಲ್ಲಿ ಬಿತ್ತೆಂದು ನೋಡುವ ಶ್ರಮವನ್ನೂ ತಪ್ಪಿಸಿಕೊಳ್ಳುತ್ತಾರೆ. ಸೈಟು ಕೂಡಿಸುವವನಲ್ಲಿ ಆ ತತ್ತ್ವದ ಬೇರೊಂದು ಮುಖ ಕಾಣುತ್ತದೆ. ಹೊಡೆಯುವಾಗ ಅವನಿಗೆ ಗೆಲವಿನ ಆಸೆ ಇರಕೂಡದು. ಹೊಡೆದಾದ ಮೇಲೆ ಫಲವನ್ನು ಅಂಗುಲದ ಪಾಲಿನವರೆಗೂ ಅಳೆಯದೆ ಬಿಡಕೂಡದು. ಆಸೆಯಿಲ್ಲದಿರುವುದು ಬೇರೆ, ಲಕ್ಷ್ಯವಿಲ್ಲದಿರುವುದು ಬೇರೆ. ಇವೆರಡನ್ನೂ ಒಂದೆಂದು ತಿಳಿದು ಎಷ್ಟೋ ಸಂಸಾರಗಳೂ ಸಂಸ್ಥೆಗಳೂ ಹಾಳಾಗಿವೆ.

ಐದರಲ್ಲಿ ನಾಲ್ಕು ಒತ್ತಾಗಿ ಬಿದ್ದು ಒಂದು ಮಾತ್ರ ದೂರ ಹೋದರೆ ಏನು ಮಾಡಬೇಕೆಂಬುದು ಇನ್ನೊಂದು ಕಗ್ಗಂಟು. ಅದನ್ನು ಲೆಕ್ಕದಿಂದ ಬಿಟ್ಟುಬಿಡಲು ಎಲ್ಲರಿಗೂ ಮನಸ್ಸಾಗುತ್ತದೆ. ಬಿಟ್ಟರೆ ಸರಾಸರಿಯು ಚೆನ್ನಾಗಿ ಕಾಣುವುದಷ್ಟೆ? ಪಳಗಿದ ಗುರಿಕಾರರು ಇದಕ್ಕೆ ಒಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಪ್ರತಿಯೊಂದು ಗುಂಡನ್ನೂ ಹಾರಿಸಿದೊಡನೆ, ಅದು ಎಲ್ಲಿ ಬಿದ್ದಿತೆಂದು ನೋಡುವುದಕ್ಕೆ ಮೊದಲೇ, ಟ್ರಿಗರು ಬಿಟ್ಟ ಗಳಿಗೆಯಲ್ಲಿ ಸೈಟು ಎಲ್ಲಿತ್ತೆಂಬುದನ್ನು ಬಾಯಿಬಿಟ್ಟು ಹೇಳಬೇಕು: ‘ಬಲಕ್ಕೆ ಎಳೆದೆ’ ಎಂದೋ, ‘ಕೈ ಅಲುಗಿತು’ ಎಂದೋ. ಹಾಗೆ ಮುಂಚಿತವಾಗಿ ಒಪ್ಪಿಕೊಂಡ ಗುಂಡನ್ನು ಲೆಕ್ಕದಿಂದ ಬಿಡಬಹುದು. ‘ಸರಿಯಾಗಿ ಹೋಯಿತು’ ಎಂದು ಹೇಳಿದ ಗುಂಡು ಎಲ್ಲಿ ಬಿದ್ದಿದ್ದರೂ ಎಣಿಕೆಗೆ ಸೇರಲೇಬೇಕು. ಫಲವನ್ನು ನೋಡಿದ ಮೇಲೆ ‘ಅದು ನನ್ನ ಕೈತಪ್ಪು’ ಎನ್ನುವುದಕ್ಕೆ ಬೆಲೆಯಿಲ್ಲ. ಹತ್ತಿಯ ಧಾರಣೆ ಇಳಿದ ಮೇಲೆ ‘ಆ ವ್ಯಾಪಾರದಲ್ಲಿ ನನಗೆ ಮೊದಲಿಂದಲೂ ಮನಸ್ಸಿರಲಿಲ್ಲ’ ಎನ್ನುವವರನ್ನು ದಾವಣಗೆರೆಯ ಪೇಟೆ ಬಹಳ ಕಾಲದಿಂದ ಕಂಡಿದೆ.

ಸೈಟಿನ ಓರೆಗೂ ಹೊಡೆಯುವವನ ಓರೆಗೂ ಗಡಿಯನ್ನು ಎಳೆಯುವುದು ಹೇಗೆ? ಕೆನ್ನೆಯ ಎಲುಬು, ಕಣ್ಣಿನ ರೀತಿ, ಹೆಗಲಿನ ಅಗಲ, ಇವುಗಳಿಂದಾಗುವ ವ್ಯತ್ಯಾಸ ಒಬ್ಬೊಬ್ಬರಿಗೆ ಒಂದೊಂದು ಬಗೆ. ಒಬ್ಬನು ಕೂಡಿಸಿದ ಸೈಟು ಇನ್ನೊಬ್ಬನಿಗೆ ಸರಿಹೋಗದಿರುವುದು ಸಾಮಾನ್ಯ. ಆದಕಾರಣವೇ ಸೈನ್ಯದಲ್ಲಿ ಯಾರ ರೈಫಲು ಅವರೇ ಝೀರೋ ಮಾಡಿಕೊಳ್ಳಬೇಕೆಂಬ ಕಟ್ಟಳೆಯಿದೆ. ಈ ಬಗೆಯ ಸಹಜವಾದ, ಸ್ಥಿರವಾದ ಓರೆಗೆ ಸೈಟನ್ನು ಹೊಂದಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಆದರೆ ಸದ್ದಿಗೆ ಬೆದರಿ ಟ್ರಿಗರನ್ನು ಕಿತ್ತೆಳೆಯುವವನೂ ತನ್ನ ಗುಂಡುಗಳು ಸದಾ ಕೆಳಕ್ಕೆ ಬೀಳುತ್ತವೆಂದು ಸೈಟನ್ನು ಮೇಲಕ್ಕೆ ಸರಿಸಿಕೊಳ್ಳಬಹುದಷ್ಟೆ? ಕಾಗದದ ಮೇಲೆ ಎರಡೂ ಒಂದೇ ಬಗೆಯಾಗಿ ಸರಿಹೋಗುತ್ತವೆ. ಒಂದು ದಿನದ ಮಟ್ಟಿಗೆ! ಭಯದಿಂದ ಹುಟ್ಟಿದ ಓರೆ ಸ್ಥಿರವಲ್ಲ. ದಣಿವಿನಲ್ಲಿ ಹೆಚ್ಚುತ್ತದೆ, ನೋಡುವವರಿದ್ದರೆ ಹೆಚ್ಚುತ್ತದೆ, ನಿಜವಾದ ಅಪಾಯದ ಮುಂದೆ ಇನ್ನೂ ಹೆಚ್ಚುತ್ತದೆ. ಸೈಟನ್ನು ಸರಿಸಿ ಮುಚ್ಚಿಟ್ಟ ಭಯವು ಬೇಡವಾದ ಹೊತ್ತಿನಲ್ಲಿಯೇ ಹೊರಕ್ಕೆ ಬರುತ್ತದೆ. ಹುಟ್ಟಿನಿಂದ ಬಂದ ಮೆದುಮಾತಿಗೆ ಒಂದು ಮನೆ ಹೊಂದಿಕೊಂಡು ನಡೆಯಬಹುದು. ಯಜಮಾನನ ಸಿಟ್ಟಿಗೆ ಹೊಂದಿಕೊಂಡ ಮನೆಯು ಸರಿಯಾದ ಮನೆಯೆಂದು ಹೇಳಲಾಗದು.

ತಂದೆಯಿಂದ ಬಂದ ರೈಫಲಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ತಂದೆಯು ಅದರಿಂದ ಎಂದೂ ಗುರಿ ತಪ್ಪದವನೆಂದು ಹೆಸರು ಪಡೆದಿದ್ದರೆ, ಮಗನಿಗೆ ಆ ಸೈಟನ್ನು ಮುಟ್ಟಲು ಕೈ ಬಾರದು. ಮುಟ್ಟುವುದು ಪಿತೃದ್ರೋಹವೆಂದೇ ತೋರೀತು. ಆದರೆ ಆ ಸೈಟಿನಲ್ಲಿ ತಂದೆಯ ಕಣ್ಣೂ ತಂದೆಯ ಹೆಗಲೂ ಸೇರಿಕೊಂಡಿವೆ. ಅವನ್ನು ಹಾಗೆಯೇ ಉಳಿಸಿಕೊಂಡ ಮಗನು ತಂದೆಯ ಗುರಿಯನ್ನು ಉಳಿಸಿದಂತಾಗಲಿಲ್ಲ. ತಂದೆಯು ತನ್ನ ಓರೆಗೆ ಮಾಡಿಕೊಂಡ ತಿದ್ದುಪಡಿಯನ್ನು ತನ್ನ ಓರೆಯ ಮೇಲೆ ಹೇರಿಕೊಂಡಂತಾಯಿತು. ತಂದೆಯು ಮಾಡಿದಂತೆಯೇ ಐದು ಗುಂಡು ಹಾರಿಸಿ ನೋಡುವವನೇ ಅವನನ್ನು ಅನುಸರಿಸಿದವನು.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರಬಹುದು. ಹರಿಹರದಿಂದ ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರಿನ ಕಡೆಗೆ ಹೋದರೆ ಕೃಷ್ಣಮೃಗಗಳ ನೆಲ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವು ಬಂದು, ೧೯೭೪ರಲ್ಲಿ ರಾಣೇಬೆನ್ನೂರಿನ ಅಭಯಾರಣ್ಯವು ಏರ್ಪಡುವುದಕ್ಕೆ ಮೊದಲು, ಆ ಬಯಲಿನಲ್ಲಿ ಬೇಟೆಯು ದೊಡ್ಡ ಮನುಷ್ಯರ ವಿನೋದವಾಗಿದ್ದಿತು. ಬೇಟೆಯೇ ಸರಿಯೋ ತಪ್ಪೋ ಎಂಬುದು ಪ್ರತ್ಯೇಕವಾದ ವಿಚಾರ. ಅದನ್ನು ಒಪ್ಪಿದವರ ನೀತಿಯಲ್ಲಿಯೇ ನಿಂತು ಕೇಳುವುದಾದರೆ, ರೈಲಿನಲ್ಲಿ ಕುಲುಕಿಬಂದ ರೈಫಲನ್ನು ಪರೀಕ್ಷಿಸದೆ ಬೆಳಗ್ಗೆ ಹೊರಟ ಒಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಭುಜದ ಹಿಂದಕ್ಕೆ ಗುರಿಯಿಟ್ಟನು. ಗುಂಡು ಹೊಟ್ಟೆಗೆ ತಗಲಿತು. ಮೃಗವು ಬೀಳಲಿಲ್ಲ. ಜೋಳದ ಹೊಲಗಳ ನಡುವೆ ಎಲ್ಲಿಯೋ ಹೋಗಿ, ಎರಡು ದಿನ ನರಳಿ ಸತ್ತಿತು. ‘ಸರಿಯಾಗಿಯೇ ಗುರಿಯಿಟ್ಟಿದ್ದೆ’ ಎಂಬುದು ಅವನ ಸಮಾಧಾನ. ಅವನು ಹೇಳುವುದು ಸುಳ್ಳಲ್ಲ. ಆದರೂ ಆ ಮೃಗದ ಎರಡು ದಿನಗಳ ಲೆಕ್ಕವನ್ನು ಬೇರೆ ಯಾರ ಹೆಸರಿಗೆ ಬರೆಯುವುದು?

ಗ್ರೀಕರ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಬಾಳಿಗೆ ಗುರಿಯಿರಬೇಕಾದುದನ್ನು ಬಿಲ್ಲುಗಾರನ ಹೋಲಿಕೆಯಿಂದ ಹೇಳಿದ್ದಾನೆ. ಪ್ರಮಾದಕ್ಕೆ ಗ್ರೀಕರು ಹೇಳುವ ‘ಹಮಾರ್ತಿಯ’ ಎಂಬ ಶಬ್ದವೂ ಗುರಿ ತಪ್ಪುವುದೆಂಬ ಅರ್ಥದಿಂದಲೇ ಬಂದುದು. ಅದೇ ಗ್ರಂಥದಲ್ಲಿ ಇನ್ನೊಂದು ವಿಚಾರವೂ ಬರುತ್ತದೆ. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯಿರಬಹುದು. ಆದರೆ ತಿಳಿದುಕೊಳ್ಳುವುದು ಸುಲಭವಾಗಿದ್ದು, ತನ್ನ ಅಲಕ್ಷ್ಯದಿಂದಲೇ ತಿಳಿಯದೆ ಉಳಿದವನಿಗೆ ಆ ಅಜ್ಞಾನವೇ ಅಪರಾಧವಾಗುತ್ತದೆ. ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ದಂಡವನ್ನು ವಿಧಿಸುವ ಕಾನೂನನ್ನು ಅವನು ಅಲ್ಲಿ ಉದಾಹರಿಸುತ್ತಾನೆ. ಬೇಟೆಗಾರನ ಪ್ರಸಂಗಕ್ಕೆ ಈ ನ್ಯಾಯವು ಅಕ್ಷರಶಃ ಒಪ್ಪುತ್ತದೆ. ಐದು ತೋಟಾಗಳೂ ಅರ್ಧ ಗಂಟೆಯೂ ಸಾಕಾಗಿದ್ದುವು. ಅಷ್ಟನ್ನು ಉಳಿಸಿದವನು ತನ್ನ ಗುರಿಯ ಶುದ್ಧತೆಯನ್ನು ಮುಂದಿಟ್ಟುಕೊಂಡು ಬಂದರೆ, ಅದು ಅರ್ಧ ಸತ್ಯ. ಬೇಟೆಗಾರನ ಕಾಲವೇನೋ ಮುಗಿಯಿತು. ಗುಂಪಿನ ಮುಂದೆ ರೈಫಲು ಹಿಡಿದು ನಿಲ್ಲಬೇಕಾದ ಪೋಲೀಸಿನವನಿಗೆ ಈ ನ್ಯಾಯವು ಇನ್ನೂ ಹೆಚ್ಚು ಬಿಗಿಯಾಗಿ ಹತ್ತುತ್ತದೆ. ಅಲ್ಲಿ ಓರೆಯಾದ ಗುಂಡು ತಗಲುವುದು ದಾರಿಹೋಕನಿಗೆ.

ಸಾಧನವನ್ನು ಅದರ ಕೆಲಸದಿಂದಲೇ ಪರೀಕ್ಷಿಸುವ ಪದ್ಧತಿ ರೈಫಲಿಗೆ ಮಾತ್ರ ಸೇರಿದ್ದಲ್ಲ. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಏರ್ಪಟ್ಟು, ಆ ಊರಿನ ಹೆಸರು ಲೇತುಗಳೊಂದಿಗೆ ದೇಶದ ಯಂತ್ರಶಾಲೆಗಳಿಗೆಲ್ಲ ಹೋಯಿತು. ಕಾರ್ಖಾನೆಯು ಈಗ ಮುಚ್ಚಿದೆ. ಆದರೆ ಅಲ್ಲಿ ಕೈ ಪಳಗಿಸಿಕೊಂಡವರ ಮನೆಗಳಲ್ಲಿ ‘ಸಾವಿರದ ಒಂದು ಪಾಲು’ ಎಂಬುದು ಎಷ್ಟು ದೊಡ್ಡದೆಂಬ ತಿಳಿವಳಿಕೆ ಇನ್ನೂ ಉಳಿದಿದೆ. ಲೇತಿನ ಎರಡು ಕೇಂದ್ರಗಳೂ ಒಂದೇ ರೇಖೆಯಲ್ಲಿವೆಯೇ ಎಂದು ನೋಡಬೇಕಾದರೆ, ಅವುಗಳ ನಡುವೆ ಒಂದು ಕಂಬಿಯನ್ನು ಹಿಡಿಸಿ, ಅದರ ಎರಡು ತುದಿಗಳಲ್ಲಿಯೂ ಉಳಿಯನ್ನು ಕದಲಿಸದೆ ಒಂದೊಂದು ಪಟ್ಟಿಯನ್ನು ತಿರುವಿ, ಎರಡರ ವ್ಯಾಸವನ್ನೂ ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ವ್ಯತ್ಯಾಸವಿದ್ದರೆ ಅದರ ಅರ್ಧದಷ್ಟು ಹಿಂದಿನ ಕೇಂದ್ರವನ್ನು ಸರಿಸುತ್ತಾರೆ. ಇಲ್ಲಿಯೂ ಅದೇ ಮಾತು: ಉಳಿಯನ್ನು ಕದಲಿಸಕೂಡದು. ಜರ್ಮನಿಯ ಷ್ಲೆಸಿಂಗರನು ೧೯೨೭ರಲ್ಲಿ ಯಂತ್ರಗಳ ಪರೀಕ್ಷೆಗೆಂದು ಕಟ್ಟಳೆಗಳನ್ನು ಪ್ರಕಟಿಸಿದ ಮೇಲೆ, ಹೊಸ ಲೇತಿನ ಜೊತೆಗೆ ಅದರ ಓರೆಗಳನ್ನು ಬರೆದ ಪಟ್ಟಿಯೊಂದನ್ನೂ ಕಳುಹಿಸುವ ವಾಡಿಕೆ ಬಂದಿತು. ಓರೆಯೇ ಇಲ್ಲವೆಂದು ಆ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಇಷ್ಟರೊಳಗಿದೆ ಎಂದು ಬರೆದಿರುತ್ತದೆ. ಮದುವೆಯ ಮಾತುಕತೆಗಳಲ್ಲಿ ಇಂತಹ ಪಟ್ಟಿಯ ವಾಡಿಕೆ ಬಂದಿದ್ದರೆ ಎಷ್ಟೋ ಕಷ್ಟಗಳು ತಪ್ಪುತ್ತಿದ್ದುವು.

ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಣುವ ತಕ್ಕಡಿಯು ಇದಕ್ಕಿಂತಲೂ ಹಳೆಯ ಪಾಠವನ್ನು ಹೇಳುತ್ತದೆ. ದಂಡದ ಎರಡು ತೋಳುಗಳು ಕೂದಲಿನಷ್ಟು ಹೆಚ್ಚುಕಡಮೆಯಾಗಿದ್ದರೂ ಖಾಲಿ ತಟ್ಟೆಗಳು ಸಮವಾಗಿ ನಿಲ್ಲಬಲ್ಲವು. ನೋಡುವವನಿಗೆ ಏನೂ ತೋರದು. ಸರಕನ್ನೂ ಕಲ್ಲನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ತೂಗಿದರೆ ಮೋಸವು ತಟ್ಟನೆ ಹೊರಬೀಳುತ್ತದೆ. ಈ ಪರೀಕ್ಷೆಗೆ ಹೊಸ ಉಪಕರಣವೇನೂ ಬೇಡ, ತಟ್ಟೆ ಬದಲಿಸುವ ಮನಸ್ಸಿದ್ದರೆ ಸಾಕು. ತನ್ನ ಮಗಳಿಗೆ ಆದುದನ್ನು ಸೊಸೆಗೂ, ಸೊಸೆಗೆ ಆದುದನ್ನು ಮಗಳಿಗೂ ಇಟ್ಟು ತೂಗಿ ನೋಡುವ ಅತ್ತೆಗೆ ಬೇರೆ ನೀತಿಶಾಸ್ತ್ರ ಬೇಕಿಲ್ಲ.

ಇನ್ನು, ಕಲ್ಲೇ ಸುಳ್ಳಾಗಿದ್ದರೆ? ಅದನ್ನು ಸರ್ಕಾರದ ಕಲ್ಲಿನೊಡನೆ ತೂಗಬೇಕು. ಅದನ್ನು ಅದಕ್ಕಿಂತ ಮೇಲಿನದರೊಡನೆ. ೧೯೫೬ರ ಶಾಸನದಿಂದ ಸೇರು ಮಣಗಳು ಹೋಗಿ ಕಿಲೋಗ್ರಾಮು ಬಂದ ಮೇಲೆ ಈ ಸಾಲು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ ೫೭ನೆಯ ಸಂಖ್ಯೆಯ ಕಿಲೋಗ್ರಾಮಿಗೂ, ಅಲ್ಲಿಂದ ಪ್ಯಾರಿಸಿನ ಬಳಿ ಸೆವ್ರ್‌ನಲ್ಲಿ ಭದ್ರವಾಗಿಟ್ಟ ಪ್ಲಾಟಿನಮ್ ಇರಿಡಿಯಮ್ಮಿನ ಗಟ್ಟಿಗೂ ಹೋಗಿ ಮುಟ್ಟುತ್ತಿದ್ದಿತು. ಆ ಗಟ್ಟಿಯೇ ಕಿಲೋಗ್ರಾಮು. ಆದಕಾರಣ ಅದು ತಪ್ಪುವ ಸಂಭವವೇ ಇರಲಿಲ್ಲ. ಸುಮಾರು ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಒಂದು ಗ್ರಾಮಿನ ಕೋಟಿಯಲ್ಲಿ ಐನೂರು ಪಾಲಿನಷ್ಟು ಅಂತರ ಬಂದುದು ಕಂಡಾಗ, ಶಾಸ್ತ್ರದ ಪ್ರಕಾರ ತಪ್ಪಿದ್ದು ಲೋಕವೆಲ್ಲವೂ, ಆ ಗಟ್ಟಿಯಲ್ಲ! ವಿಜ್ಞಾನಿಗಳು ಈ ಸ್ಥಿತಿಯನ್ನು ಸಹಿಸಲಿಲ್ಲ. ೨೦೧೯ರ ಮೇ ೨೦ರಿಂದ ಕಿಲೋಗ್ರಾಮನ್ನು ಒಂದು ವಸ್ತುವಿನಿಂದ ಬಿಡಿಸಿ, ಪ್ಲಾಂಕನ ಸ್ಥಿರಾಂಕದ ಮೂಲಕ ನಿರ್ಣಯಿಸಲಾಗಿದೆ. ಮನುಷ್ಯರಲ್ಲಿಯೂ ತನ್ನನ್ನೇ ಕಲ್ಲನ್ನಾಗಿ ಇಟ್ಟುಕೊಂಡವರುಂಟು. ಅವರು ಸುಳ್ಳರಾಗಿರಬೇಕಾದ್ದಿಲ್ಲ, ಬಹು ಮಂದಿ ಸತ್ಯವಂತರೇ. ಅವರನ್ನು ತೂಗುವ ಬಗೆ ಮಾತ್ರ ಅವರು ಯಾರಿಗೂ ಉಳಿಸಿಲ್ಲ.

ಹೀಗೆ ಪರೀಕ್ಷಿಸುತ್ತಲೇ ಹೋದರೆ ಕೆಲಸ ಮಾಡುವುದು ಯಾವಾಗ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಆಕ್ಷೇಪಣೆ. ದಿನವೂ ಸೈಟನ್ನು ಬಿಚ್ಚಿ ಕೂಡಿಸುವವನು ಸೈಟನ್ನೇ ಸಡಿಲ ಮಾಡುತ್ತಾನೆ. ದಿನವೂ ಮನಸ್ಸನ್ನು ಕೆದಕುವವನ ಗತಿಯೂ ಅಷ್ಟೆ. ಇದಕ್ಕೆ ಆಯುಧಶಾಲೆಯವರು ಇಟ್ಟುಕೊಂಡಿರುವ ಮಿತಿ ಗೌರವಕ್ಕೆ ತಕ್ಕದ್ದು. ರೈಫಲು ಕೆಳಕ್ಕೆ ಬಿದ್ದರೆ, ನಳಿಗೆಯನ್ನೋ ಮರವನ್ನೋ ಬದಲಿಸಿದರೆ, ತೋಟಾದ ತಯಾರಿಕೆ ಬೇರೆಯಾದರೆ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದರೆ, ದಾವಣಗೆರೆಯ ಒಣ ಬಿಸಿಲಿನಲ್ಲಿ ಕೂಡಿಸಿದ್ದನ್ನು ಮಲೆನಾಡಿನ ಮಳೆಗೆ ಒಯ್ದು ಮರವು ಉಬ್ಬಿ ನಳಿಗೆಯನ್ನು ಒತ್ತುವಂತಾದರೆ, ಆಗ ಮತ್ತೆ ಪರೀಕ್ಷಿಸಬೇಕು. ನಡುವೆ ನಂಬಿ ನಡೆಯಬೇಕು. ವ್ಯಾಪಾರಿಯ ತಕ್ಕಡಿಗೂ ಕಲ್ಲಿಗೂ ಕಾನೂನು ಗೊತ್ತುಮಾಡಿರುವುದು ಇದನ್ನೇ. ಮಾಪನ ಇಲಾಖೆಯವರು ಪರೀಕ್ಷಿಸಿ ಒತ್ತುವ ಮುದ್ರೆಯಲ್ಲಿ ವರ್ಷವೂ ವರ್ಷದ ಯಾವ ಕಾಲುಭಾಗವೆಂಬುದೂ ಇರುತ್ತದೆ. ಆ ಅವಧಿ ಮುಗಿಯುವವರ ತನಕ ಮಂಡಿಯವನು ಅದರಲ್ಲಿ ತೂಗುತ್ತಾನೆ, ಕೊಳ್ಳುವವನು ಚೀಲ ಹಿಡಿದು ನಿಲ್ಲುತ್ತಾನೆ.